ಚುಕ್ಕಿಯಿಂದ ಶುರುವಾಗೋ ಹೆಸರು

ಯಾದಗಿರಿ ನಗರಸಭೆ, ಜನನ-ಮರಣದ ಕೋಣಿ.
ಗೋಡಿಗಿ ಅಂಟಿಸಿದ ಕಾಗದ, ನಾಗರೆಡ್ಡಿ ಸಾಹೇಬ್ರ ಅಕ್ಷರ:
ಮೊದಲು ಹೆಸರು, ಆಮ್ಯಾಲ ಚುಕ್ಕಿ, ವರ್ಷ, ಚುಕ್ಕಿ, ನಂಬರು.
ನಡುವ ಖಾಲಿ ಜಾಗ ಬಿಡಬ್ಯಾಡ್ರಿ.
ಬಿಟ್ರ, ಶಂಕ್ರಪ್ಪ ಗೌಡ ಅನ್ನಾವ ಸೀಳಿ
ಶಂಕ್ರಪ್ಪ ಒಬ್ಬ, ಗೌಡ ಒಬ್ಬ ಆಗ್ತಾರ;
ಕರೀ ಪರದಿಗಿ ಇಬ್ಬರ ಗುರ್ತೂ ಇಲ್ಲ.

ನಾನು ಗುತ್ತಿಗಿ ಹುಡುಗಿ, ಹನ್ನೊಂದು ತಿಂಗಳ ಆರ್ಡರು.
ಹಿಂದಿನಾವ್ರು ಸ್ಕ್ಯಾನ್ ಮಾಡಿಟ್ಟದ್ದು
ಹುಡುಕಿ ಕೊಡೂದು ಕೆಲಸ.

ಮಧ್ಯಾಹ್ನ ಮೌನಮ್ಮ ಬಂದ್ಲು, ಅಂಗನವಾಡಿ ಸಹಾಯಕಿ.
"ಅರವತ್ತಾಯ್ತು, ಮನಿಗಿ ಹೋಗು ಅಂತಾರವ್ವ.
ಹುಟ್ಟಿದ್ದು ಇಲ್ಲೇ, ಸರ್ಕಾರಿ ದವಾಖಾನಿದಾಗ, ಅರವತ್ತೆಂಟರಾಗ.
ನನ್ನ ವಯಸ್ಸು ನಿನ್ನ ಡಬ್ಬಿದಾಗ ಅದ ಅಂತ. ತಗದು ಕೊಡು."

ಯಾವ ಕಾರಕೂನ ಹೆಂಗ ಬರದಾನೋ.
ಮೌನಮ್ಮ, ಮೋನಮ್ಮ, ಮೋನವ್ವ.
ಗೊತ್ತಿಲ್ಲದ ಕಡಿ ಒಂದು ಪ್ರಶ್ನೆ ಚಿಹ್ನೆ ಇಟ್ರ
ಅದು ಒಂದೇ ಒಂದು ಅಕ್ಷರಕ್ಕ ಚಾಪಿ ಹಾಸಿ ಕಾಯ್ತದ.
ಆದ್ರ ಅದರ ಲೆಕ್ಕ ಬ್ಯಾರೆ:
ನಮ್ಮ ಬಾಯಿಗಿ 'ಮ್ಮ' ಒಂದು,
ಅದಕ ಮೂರು: ಒಂದು ಮ, ಅದರ ಉಸಿರು ಕಟ್ಟೋ ಕೊಕ್ಕಿ, ಮತ್ತೊಂದು ಮ.

ಮ?ನ???.1968.*
ಒತ್ತಿದೆ.
ಮಾನಪ್ಪ ಬಂದ. ಮೀನಮ್ಮ ಅನ್ನಾಕಿ ಬಂದ್ಲು,
ಕರೀದಿದ್ರೂ ಬಂದ ಬೀಗರಂಗ. ಮೋನಪ್ಪನೂ ಬಂದ.
ಮೌನಮ್ಮ ಇಲ್ಲ.

ಬರೇ ನಕ್ಷತ್ರ ಇಟ್ಟೆ.
ನಕ್ಷತ್ರದ ಮನಸು ದೊಡ್ಡದು, ಎಷ್ಟಕ್ಷರ ಇದ್ರೂ ಒಳಗ ಕರಕೋತದ,
ಏನೂ ಇಲ್ಲದಿದ್ರೂ ಬಾ ಅಂತದ.
*.1968.*
ಪರದಿ ತುಂಬ ಸುರಿದ್ವು. ಎಣಿಸಿದ್ರ ನಾನೂರಾ ತೊಂಬತ್ತೈದು.
ರಿಜಿಸ್ಟರ್ದ ಕಡೀ ನಂಬರು ಆರ್ನೂರಾ ಹನ್ನೆರಡು.

ನೂರಾ ಹದಿನೇಳು ಮಂದಿ ಎಲ್ಲಿ ಹೋದ್ರು?

ಚಾ ಆರಿತು. ಆಮ್ಯಾಲ ಹೊಳೀತು.
ಕೂಸಿಗಿ ಹೆಸರಿಡೂದ್ರಾಗೇ ದವಾಖಾನಿಯಿಂದ ಚೀಟಿ ಬರ್ತದ,
ಹೆಸ್ರಿನ ಕಾಲಂ ಖಾಲಿ.
ಖಾಲಿ ಇದ್ರ ಏನ್ ಬರೀಬೇಕು, ಗೋಡಿ ಕಾಗದದಾಗ ಇಲ್ಲ.
ಸ್ಕ್ಯಾನ್ ಮಾಡಿದಾವ ಪ್ರಾಮಾಣಿಕ. ಏನೂ ಬರೀಲಿಲ್ಲ.
ಚುಕ್ಕಿ, ವರ್ಷ, ಚುಕ್ಕಿ, ನಂಬರು.
ಚುಕ್ಕಿಯಿಂದ ಶುರುವಾದದ್ದು ಯಂತ್ರಕ್ಕ ಮುಚ್ಚಿಟ್ಟ ಮಾತು,
ಕೇಳಿದ್ರೂ ತೋರ್ಸಂಗಿಲ್ಲ.
ಅಷ್ಟು ದೊಡ್ಡ ನಕ್ಷತ್ರಕ್ಕೂ
ಹೊಸ್ತಿಲ ಮ್ಯಾಲಿನ ಆ ಸಣ್ಣ ಚುಕ್ಕಿ ದಾಟಾಕ ಬರಂಗಿಲ್ಲ.
ಚುಕ್ಕಿ ನಾವೇ ಕೈಲೆ ಇಡಬೇಕು.

ಇಟ್ಟೆ.
.1968.*

ಒಂದೊಂದೇ ತಗದು ತಂದಿ ಹೆಸ್ರು ನೋಡ್ದೆ.
ಹೆಣ್ಣು. ಹೆಣ್ಣು. ಗಂಡು, ಮೂರು ದಿನಕ್ಕ ತೀರಿದ್ದು. ಹೆಣ್ಣು.
ಉಳಿದ ಗಂಡು ಕೂಸುಗಳಪ್ಪಂದಿರು
ಸಾಲಿಗಿ ಹಚ್ಚೂ ಮುಂದ ಬಂದು ಹೆಸ್ರು ಬರಸ್ಯಾರ, ಬ್ಯಾರೆ ಶಾಯಿಲೆ.

ನಾನೂರಾ ಮೂವತ್ತೊಂದು. ಹೆಣ್ಣು.
ತಂದಿ ಭೀಮರಾಯ, ಕಸಬು ಹಮಾಲಿ, ಸ್ಟೇಷನ್.
"ನಮ್ಮಪ್ಪ" ಅಂದ್ಲು, ಪರದಿಗಿ ಬೆರಳ ಹಚ್ಚಿ.
ಅರವತ್ತು ಇನ್ನೂ ಆಗಿಲ್ಲ.

ರಿಜಿಸ್ಟರ್ದಾಗ ಹೆಸ್ರು ಏರಸಾಕ ಅರ್ಜಿ, ಸಹಿ, ಎಂಟು ದಿನ.
ಫೈಲಿಗಾದ್ರ ಈಗೇ ಇಡಬಹುದು.
ತೊಟ್ಟಿಲಿಲ್ಲ, ಗುಗ್ಗರಿ ಇಲ್ಲ. ಮೌ ಅಂತ ಹೊಡದೆ.
"ನಿಲ್ಲು. ಆಧಾರದಾಗ ಮೌ ಅದ ಖರೆ,
ನಮ್ಮವ್ವ ಮೋನವ್ವ ಅಂತಿದ್ಲು. ಮೋ ಬರಿ."
ಅಳಿಸ್ದೆ.
ಸುಮ್ಮ ನಿಂತ್ಲು ಒಂದೀಟು ಹೊತ್ತು.
"ಬ್ಯಾಡ ಬಿಡು, ಆಫೀಸ್ನಾವ್ರು ಮತ್ತ ಜಗಳ ತಗೀತಾರ.
ಮೌ ಇರ್ಲಿ."

ಶಹಾಪುರ ಬಸ್ಸಿಗಿ ಓಡಿದ್ಲು.
ಪಟ್ಟಿ ಮತ್ತೊಮ್ಮೆ ತಗದೆ:
ಮಾನಪ್ಪ, ಮೀನಮ್ಮ, ಮೋನಪ್ಪ, ಮೌನಮ್ಮ.
ಇನ್ನೂ ನೂರಾ ಹದಿನಾರು, ಅಲ್ಲೇ ಅವ, ಕಾಣಂಗಿಲ್ಲ.

ಗೋಡಿ ಕಾಗದದ ಕೆಳಗ ಪೆನ್ನಿಲೆ ಒಂದು ಸಾಲು ಸೇರಿಸ್ದೆ:
ಹೆಸ್ರು ಇಲ್ಲದಿದ್ರ
'ಕೂಸು' ಅಂತಾದ್ರೂ ಬರೀರಿ.